ವಸತಿಗೃಹದ ವೈ-ಫೈನಲ್ಲಿ ಸ್ಟ್ರೀಮಿಂಗ್ ಸ್ಟಿಕ್: ಪ್ರಯಾಣಿಕರು ಅರಿತಿರಬೇಕಾದ ಸಂಗತಿಗಳು

ತುಮಕೂರು: ಬೆಂಗಳೂರಿನಿಂದ ಸುಮಾರು 70 ಕಿ.ಮೀ. ದೂರದ ತುಮಕೂರು ಪುಣೆ ಹೆದ್ದಾರಿಯಲ್ಲಿದೆ. ಗುಬ್ಬಿ 73ನೇ ಹಾಗೂ ಕುಣಿಗಲ್ 75ನೇ ರಾಷ್ಟ್ರೀಯ ಹೆದ್ದಾರಿಯಲ್ಲಿವೆ. ಮದುವೆ, ವ್ಯಾಪಾರ ಅಥವಾ ಸಿದ್ಧಗಂಗೆಯ ಜಾತ್ರೆಗೆಂದು ಬಂದು ಲಾಡ್ಜ್‌ಗಳಲ್ಲಿ ತಂಗುವವರು ಮನೆಯ ಫೈರ್ ಟಿವಿ ಸ್ಟಿಕ್ ಅಥವಾ ಕ್ರೋಮ್‌ಕಾಸ್ಟ್ ಜೊತೆಗೆ ತರುವುದುಂಟು. ಮನೆಯಲ್ಲಿ ಸರಾಗವಾಗಿ ನಡೆಯುವ ಈ ಸಾಧನ ಕೊಠಡಿಯಲ್ಲಿ ಮೊಂಡು ಹಿಡಿಯಲು ಸ್ಪಷ್ಟ ಕಾರಣಗಳಿವೆ.

ಒಟಿಪಿ ಏಕೆ?

2008ರಲ್ಲಿ ಭದ್ರತೆಯಿಲ್ಲದ ವೈ-ಫೈ ಜಾಲಗಳ ಮೂಲಕ ಭಯೋತ್ಪಾದಕರು ಇ-ಮೇಲ್ ಕಳುಹಿಸಿದ ಪ್ರಕರಣಗಳು ಬಯಲಾದವು. ಬಳಿಕ 2009ರ ಫೆಬ್ರವರಿಯಲ್ಲಿ ಕೇಂದ್ರ ದೂರಸಂಪರ್ಕ ಇಲಾಖೆಯು ಸಾರ್ವಜನಿಕ ವೈ-ಫೈ ಬಳಸುವವರ ಗುರುತಿನ ದೃಢೀಕರಣಕ್ಕೆ ಸೂಚನೆ ನೀಡಿತು. ಮೊಬೈಲ್ ಸಂಖ್ಯೆ ಮತ್ತು ಒಟಿಪಿ ಕೇಳುವ ಪುಟದ ಹಿನ್ನೆಲೆ ಇದು. ಫೈರ್ ಟಿವಿಯಲ್ಲಿ ಈ ಪುಟ ಪರದೆಯ ಮೇಲೆಯೇ ತೆರೆದುಕೊಳ್ಳುತ್ತದೆ. ಬ್ರೌಸರ್ ಇಲ್ಲದ ಹಳೆಯ ಕ್ರೋಮ್‌ಕಾಸ್ಟ್‌ಗಳಲ್ಲಿ ಅದು ಸಾಧ್ಯವಿಲ್ಲ. ಪಾಸ್‌ವರ್ಡ್ ಮಾತ್ರ ಕೇಳುವ ಸಣ್ಣ ಲಾಡ್ಜ್‌ಗಳಲ್ಲಿ ಈ ತೊಡಕು ಇರದು.

ಫೋನಿಗೆ ಸಾಧನ ಕಾಣದಿದ್ದರೆ

ಅತಿಥಿಗಳ ಸುರಕ್ಷತೆಗಾಗಿ ಅನೇಕ ಜಾಲಗಳು ಒಂದು ಸಾಧನಕ್ಕೆ ಇನ್ನೊಂದು ಕಾಣದಂತೆ ತಡೆದಿರುತ್ತವೆ. ಆಗ ಫೋನಿನಿಂದ ಟಿವಿಗೆ ಚಿತ್ರ ರವಾನಿಸಲಾಗದು. ಅಂಗೈಯಗಲದ ಟ್ರಾವೆಲ್ ರೂಟರ್ ಇದಕ್ಕೆ ಪರಿಹಾರ. ಅದರ ಮೂಲಕ ಒಮ್ಮೆ ಲಾಗಿನ್ ಆದರೆ ಫೋನ್ ಮತ್ತು ಸ್ಟಿಕ್ ಎರಡೂ ಒಂದೇ ಖಾಸಗಿ ಜಾಲದಲ್ಲಿರುತ್ತವೆ.

ಫೋನಿನ ಹಾಟ್‌ಸ್ಪಾಟ್ ಕೂಡ ನೆರವಾಗುತ್ತದೆ. ಆದರೆ ಡೇಟಾ ಲೆಕ್ಕ ಮರೆಯಬಾರದು. ನೆಟ್‌ಫ್ಲಿಕ್ಸ್ ಪ್ರಕಾರ ಎಚ್‌ಡಿ ಗುಣಮಟ್ಟಕ್ಕೆ ಗಂಟೆಗೆ 3 ಜಿಬಿವರೆಗೆ, ಸಾಧಾರಣ ಗುಣಮಟ್ಟಕ್ಕೆ ಸುಮಾರು 1 ಜಿಬಿ ಬೇಕು. ದಿನಕ್ಕೆ 2 ಜಿಬಿಯ ಪ್ಯಾಕ್ ಎಚ್‌ಡಿ ಚಿತ್ರವೊಂದರ ಮಧ್ಯಂತರಕ್ಕೆ ಮೊದಲೇ ಮುಗಿಯಬಹುದು. ಹೊರಡುವ ಮುನ್ನ ಮನೆಯಲ್ಲೇ ಚಿತ್ರವನ್ನು ಫೋನಿಗೆ ಡೌನ್‌ಲೋಡ್ ಮಾಡಿಕೊಳ್ಳುವುದು ಮಿತವ್ಯಯದ ದಾರಿ.

ವಿದ್ಯುತ್ ಮತ್ತು ಎಚ್‌ಡಿಎಂಐ

ಟಿವಿಯ ಯುಎಸ್‌ಬಿ ಕಿಂಡಿಯಿಂದ ಸಾಕಷ್ಟು ವಿದ್ಯುತ್ ಸಿಗದೆ ಸ್ಟಿಕ್ ಪದೇಪದೇ ನಿಂತುಹೋಗುವುದುಂಟು, ಅಡಾಪ್ಟರ್ ಜೊತೆಗಿರಲಿ. ಕೆಲವು ಟಿವಿಗಳಲ್ಲಿ ಎಚ್‌ಡಿಎಂಐ ಆಯ್ಕೆಯನ್ನೇ ನಿರ್ಬಂಧಿಸಿರುತ್ತಾರೆ. ಕೊಠಡಿ ಕಾಯ್ದಿರಿಸುವಾಗಲೇ ಈ ಬಗ್ಗೆ ವಿಚಾರಿಸುವುದು ಒಳ್ಳೆಯದು.

ಮರೆತರೆ ಅಪಾಯ

ಒಂದೇ ಬಗೆಯ ಹೆಸರಿನ ನಕಲಿ ಜಾಲಗಳೂ ಇರಬಹುದಾದ್ದರಿಂದ ವೈ-ಫೈ ಹೆಸರನ್ನು ಸ್ವಾಗತ ಕಟ್ಟೆಯಲ್ಲಿ ಖಚಿತಪಡಿಸಿಕೊಳ್ಳಬೇಕು. ಉಚಿತ ವೈ-ಫೈ ಪುಟ ಬ್ಯಾಂಕ್ ಅಥವಾ ಕಾರ್ಡ್ ವಿವರ ಕೇಳಿದರೆ ಅಲ್ಲಿಗೇ ನಿಲ್ಲಿಸಬೇಕು.

ಸ್ವಂತ ಸ್ಟಿಕ್ ಮರಳಿ ಚೀಲ ಸೇರಿದರೆ ಖಾತೆಯೂ ಅದರೊಂದಿಗೇ ಬರುತ್ತದೆ. ಕೊಠಡಿಯ ಸ್ಮಾರ್ಟ್ ಟಿವಿಯಲ್ಲಿ ಲಾಗಿನ್ ಆದವರ ಖಾತೆ ಮಾತ್ರ ಮುಂದಿನ ಅತಿಥಿಗೂ ತೆರೆದಿರುತ್ತದೆ. ಅದರಲ್ಲಿ ಖರೀದಿಯ ಸೌಲಭ್ಯವಿದ್ದರೆ ಹಣದ ನಷ್ಟವೂ ಸಂಭವಿಸಬಹುದು. ಕೊಠಡಿ ಬಿಡುವ ಮುನ್ನ ಲಾಗ್ ಔಟ್ ಆಗಬೇಕು. ಮರೆತಿದ್ದರೆ, ಊರು ತಲುಪುವವರೆಗೆ ಕಾಯದೆ ಫೋನಿನಲ್ಲಿ ಖಾತೆಯ ಸೆಟ್ಟಿಂಗ್ಸ್ ತೆರೆದು ಆ ಸಾಧನವನ್ನು ತೆಗೆದುಹಾಕಬೇಕು.