ಡಾಕ್ಟರ್ ಕ್ಯಾರೆಟ್ ಮತ್ತು ಸಕ್ಕರೆ ರೇಷನ್

ಯಾವುದು ಮೈಗೆ ಒಳ್ಳೇದು, ಯಾವುದು ಬರೀ ನಾಲಿಗೆಗೆ ಸಿಹಿ ಅಂತ ಮಕ್ಕಳಿಗೆ ಹೇಳಿಕೊಡೋದು ಹೇಗೆ? ಈ ಪ್ರಶ್ನೆ ಬಂದಾಗಲೆಲ್ಲ ನನಗೆ ಎರಡನೇ ಮಹಾಯುದ್ಧದ ಕಾಲದ ಬ್ರಿಟನ್ ನೆನಪಾಗುತ್ತದೆ. ಒಂದಿಡೀ ದೇಶವೇ ಈ ಪಾಠಕ್ಕೆ ಕೂತಿದ್ದ ಕಾಲ ಅದು.

ಬ್ರಿಟನ್ನಿಗೆ ಬಹುಪಾಲು ಸಕ್ಕರೆ ಹಡಗಿನಲ್ಲೇ ಬರಬೇಕಿತ್ತು. ಆ ಹಡಗುಗಳನ್ನು ಜರ್ಮನಿಯ ಜಲಾಂತರ್ಗಾಮಿಗಳು ಮುಳುಗಿಸುತ್ತಿದ್ದವು. 1940ರ ಜನವರಿಯಲ್ಲಿ ಸಕ್ಕರೆಗೆ ರೇಷನ್ ಬಂತು, 1942ರ ಜುಲೈನಲ್ಲಿ ಮಿಠಾಯಿ, ಚಾಕೊಲೇಟಿಗೂ ಬಂತು. ಆಮೇಲೆ ಬಹುಕಾಲ ಒಬ್ಬರಿಗೆ ತಿಂಗಳಿಗೆ ಸಿಗುತ್ತಿದ್ದ ಮಿಠಾಯಿ ಸುಮಾರು 340 ಗ್ರಾಂ.

ಸಿಹಿ ಕಿತ್ತುಕೊಂಡ ಸರ್ಕಾರ ಮಕ್ಕಳನ್ನು ಒಲಿಸಲೂ ನೋಡಿತು. ಆಹಾರ ಮಂತ್ರಿ ಲಾರ್ಡ್ ವೂಲ್ಟನ್ ಅವರ ಇಲಾಖೆ ಡಾಕ್ಟರ್ ಕ್ಯಾರೆಟ್, ಪೊಟಾಟೊ ಪೀಟ್ ಅನ್ನೋ ಕಾರ್ಟೂನ್ ಗೆಳೆಯರನ್ನು ಹುಟ್ಟುಹಾಕಿತು. ಐಸ್‌ಕ್ರೀಮ್ ಬದಲು ಕಡ್ಡಿಗೆ ಚುಚ್ಚಿದ ಕ್ಯಾರೆಟ್ ಮಕ್ಕಳ ಕೈಗೆ ಬಂತು. ಕ್ಯಾರೆಟ್ ತಿಂದರೆ ಕತ್ತಲಲ್ಲೂ ಕಣ್ಣು ಕಾಣುತ್ತೆ ಅಂತ ಉಪ್ಪುಖಾರ ಹಚ್ಚಿಯೂ ಹೇಳಿದರು.

ಮಕ್ಕಳು ಕಲಿತರಾ? 1949ರ ಏಪ್ರಿಲ್‌ನಲ್ಲಿ ಮಿಠಾಯಿ ರೇಷನ್ ತೆಗೆದರು. ಜನ ಮುಗಿಬಿದ್ದ ರಭಸಕ್ಕೆ ಅಂಗಡಿಗಳಲ್ಲಿ ಮಾಲು ಸಾಲಲಿಲ್ಲ. ಆಗಸ್ಟ್‌ನಲ್ಲಿ ಮತ್ತೆ ರೇಷನ್ ಹೇರಬೇಕಾಯಿತು. ಕೊನೆಗೂ 1953ರ ಫೆಬ್ರುವರಿ 5ರಂದು ಅದು ಮುಗಿದಾಗ ಮಕ್ಕಳು ಹುಂಡಿ ಒಡೆದು ಅಂಗಡಿಗೆ ಓಡಿದರು. ಅದೇ ಸೆಪ್ಟೆಂಬರ್‌ನಲ್ಲಿ ಸಕ್ಕರೆಯ ರೇಷನ್ನೂ ಹೋಯಿತು. ಒಬ್ಬೊಬ್ಬರು ತಿನ್ನುವ ಸಕ್ಕರೆ ಸ್ವಲ್ಪ ಕಾಲದಲ್ಲೇ ಹೆಚ್ಚುಕಮ್ಮಿ ಎರಡು ಪಟ್ಟಾಯಿತು. ಡಾಕ್ಟರ್ ಕ್ಯಾರೆಟ್ ಹೇಳಿದ್ದೆಲ್ಲ ಗಾಳಿಗೆ ಹೋಯಿತು.

ಆದರೆ ಕಥೆ ಅಲ್ಲಿಗೇ ಮುಗಿಯಲಿಲ್ಲ. ಆ ರೇಷನ್ ಮುಗಿಯುವ ಮುಂಚೆ ಮತ್ತು ನಂತರ ಹುಟ್ಟಿದ ಸುಮಾರು 60,000 ಜನರ ಆರೋಗ್ಯವನ್ನು ಹೋಲಿಸಿದ ಅಧ್ಯಯನವೊಂದು 2024ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ತಾಯಿಯ ಹೊಟ್ಟೆಯಲ್ಲಿದ್ದಾಗ ಮತ್ತು ಮೊದಲೆರಡು ವರ್ಷ ಸಕ್ಕರೆ ಕಡಿಮೆ ಕಂಡವರಲ್ಲಿ, ದೊಡ್ಡವರಾದ ಮೇಲೆ ಟೈಪ್ 2 ಸಕ್ಕರೆ ಕಾಯಿಲೆಯ ಅಪಾಯ ಸುಮಾರು 35%, ಅಧಿಕ ರಕ್ತದೊತ್ತಡದ ಅಪಾಯ ಸುಮಾರು 20% ಕಡಿಮೆ ಇತ್ತು.

ಆ ಕೂಸುಗಳಿಗೆ ಯಾರೂ ಪಾಠ ಹೇಳಿರಲಿಲ್ಲ. ಮನೆಯ ಸಕ್ಕರೆ ಡಬ್ಬಿ ಚಿಕ್ಕದಿತ್ತು, ಅಷ್ಟೆ.

2025ರಲ್ಲಿ ಸಿಬಿಎಸ್‌ಇ ತನ್ನ ಶಾಲೆಗಳಲ್ಲಿ ‘ಶುಗರ್ ಬೋರ್ಡ್’ ಹಾಕಲು ಹೇಳಿತು. ಒಳ್ಳೆಯ ಕೆಲಸವೇ. ಆದರೆ ಬೋರ್ಡ್ ಓದಿಕೊಂಡು ಮನೆಗೆ ಬಂದ ಮಗುವಿಗೆ ನಾವು ಹೇಳೋದೇನು? “ಹಾಲು ಕುಡಿ ಪುಟ್ಟಾ, ಚಾಕ್ಲೇಟ್ ಕೊಡ್ತೀನಿ.” ಮಗು ಚೆನ್ನಾಗೇ ಕಲಿಯುತ್ತದೆ: ಹಾಲು ಅಂದ್ರೆ ಕೆಲಸ, ಚಾಕ್ಲೇಟು ಅಂದ್ರೆ ಸಂಬಳ.