ಮೊನೆಯಲ್ಲಿರುವ ಕಣ್ಣು

ಕೈಸೂಜಿಗೆ ಕಣ್ಣು ಹಿಂಬದಿಯಲ್ಲಿರುತ್ತೆ. ಹೊಲಿಗೆ ಮಿಷನ್ನಿನ ಸೂಜಿಗೆ ಮೊನೆಯ ಹತ್ತಿರ. ಇಷ್ಟೇ ವ್ಯತ್ಯಾಸ ನೋಡಿ, ಆದರೆ ಮನುಷ್ಯರಿಗೆ ಇದು ಹೊಳೆಯೋಕೆ ಸಾವಿರಾರು ವರ್ಷ ಬೇಕಾಯ್ತು.

ಆರು ತಿಂಗಳಿಂದ, ಊರಿಗೆ ಹೋದಾಗಲೆಲ್ಲ ನಾನು ಅವ್ವನ ಹತ್ತಿರ ಹೊಲಿಗೆ ಕಲೀತಿದ್ದೀನಿ. ಮೊದಲ ಪಾಠ ದಾರವಿಲ್ಲದೆ: ಹಳೇ ನೋಟ್‌ಬುಕ್ ಹಾಳೆಯ ಗೆರೆ ಮೇಲೆ ಸೂಜಿ ಓಡಿಸೋದು. ಆಮೇಲೆ ಹಳೇ ಪಂಚೆಯಲ್ಲಿ ಸಂತೆ ಚೀಲ, ಲಾಡಿ ಎಳೆಯುವ ಚೀಲ, ದಿಂಬಿನ ಕವರ್. ಈಗ ಲಂಗಕ್ಕೆ ಬಂದಿದ್ದೀನಿ. "ಬಟ್ಟೆ ಎಳೀಬೇಡ ಮಗಾ, ಅದೇ ಹೋಗುತ್ತೆ" ಅಂತಾಳೆ ಅವ್ವ. ನಿಜ, ಸೂಜಿಯ ಕೆಳಗಿರುವ ಹಲ್ಲುಗಳು ಬಟ್ಟೆಯನ್ನು ತಾವೇ ಮುಂದಕ್ಕೆ ತಳ್ಳುತ್ತವೆ. ಆ ಹಲ್ಲುಗಳಿಗೂ ಒಂದು ಚರಿತ್ರೆ ಇದೆ: ಅಮೆರಿಕದ ಅಲೆನ್ ವಿಲ್ಸನ್ ಅದಕ್ಕೆ 1854ರಲ್ಲಿ ಪೇಟೆಂಟ್ ಪಡೆದ.

ಹೊಲಿಗೆ ಬೀಳುವ ಬಗೆ ಹೀಗೆ. ಸೂಜಿ ದಾರದ ಸಮೇತ ಬಟ್ಟೆ ತೂರಿ ಕೆಳಗಿಳಿಯುತ್ತೆ. ತುಸು ಮೇಲೇಳುವಾಗ ದಾರ ಸಡಿಲಾಗಿ ಒಂದು ಕುಣಿಕೆ ಆಗುತ್ತೆ. ಕೆಳಗಿನ ಕೊಕ್ಕೆ ಆ ಕುಣಿಕೆಯನ್ನು ಹಿಡಿದು ಬಾಬಿನ್ ಸುತ್ತ ದಾಟಿಸುತ್ತೆ. ಮೇಲಿನ ದಾರ, ಕೆಳಗಿನ ದಾರ ಬಟ್ಟೆಯ ನಡುವೆ ಒಂದಕ್ಕೊಂದು ಗಂಟುಬೀಳುತ್ತವೆ. ಕಣ್ಣು ಹಿಂಬದಿಯಲ್ಲಿದ್ದರೆ ಪ್ರತಿ ಸಲ ಇಡೀ ಸೂಜಿಯೇ ಬಟ್ಟೆಯಿಂದಾಚೆ ಹೋಗಿ ಬರಬೇಕು.

ಇಂಥ ಎರಡು ದಾರದ ಮಿಷನ್ನನ್ನು 1830ರ ದಶಕದಲ್ಲೇ ನ್ಯೂಯಾರ್ಕಿನ ವಾಲ್ಟರ್ ಹಂಟ್ ಮಾಡಿದ್ದ, ಆದರೆ ಆಗ ಪೇಟೆಂಟ್ ಮಾಡಿಸಲಿಲ್ಲ. ಹೊಲಿದು ಬದುಕುವ ಹೆಂಗಸರ ಹೊಟ್ಟೆ ಮೇಲೆ ಹೊಡೆದಂತಾಗುತ್ತೆ ಅಂತ ಮಗಳು ಹೇಳಿದ್ದೇ ಕಾರಣ ಎಂಬ ಕಥೆಯಿದೆ. ಮುಂದೆ ಸೇಫ್ಟಿ ಪಿನ್ ಕಂಡುಹಿಡಿದವನೂ ಇವನೇ. 1846ರಲ್ಲಿ ಎಲಯಾಸ್ ಹೌ ಪೇಟೆಂಟ್ ಪಡೆದ. 1851ರಲ್ಲಿ ಐಸಾಕ್ ಸಿಂಗರ್ ನೆಟ್ಟಗೆ ಮೇಲೆ ಕೆಳಗೆ ಆಡುವ ಸೂಜಿಯ, ಕಾಲಲ್ಲಿ ತುಳಿಯಬಹುದಾದ ಮಿಷನ್ ತಂದ. ಹೌ ಕೋರ್ಟಿಗೆ ಹೋದ, ಗೆದ್ದ. ಕಂಪನಿಗಳೆಲ್ಲ ಒಬ್ಬರ ಮೇಲೊಬ್ಬರು ಕೇಸು ಹಾಕಿ ಹಾಕಿ ಸುಸ್ತಾಗಿ, 1856ರಲ್ಲಿ ಪೇಟೆಂಟುಗಳನ್ನು ಒಟ್ಟುಗೂಡಿಸಿ ಲಾಭ ಹಂಚಿಕೊಂಡವು. ಸಾಫ್ಟ್‌ವೇರ್ ಲೋಕದ ಜಗಳಗಳು ಹೊಸವು ಅಂದುಕೊಂಡವರು ಇದನ್ನು ಓದಬೇಕು.

ಹಂಟ್‌ನ ಮಗಳ ಭಯ ಸುಮ್ಮನೆ ಬಂದದ್ದಲ್ಲ. ಫ್ರಾನ್ಸಿನ ದರ್ಜಿ ಬಾರ್ತೆಲೆಮಿ ತಿಮೋನಿಯೆ 1830ರಲ್ಲಿ ಪೇಟೆಂಟ್ ಪಡೆದು, ಪ್ಯಾರಿಸ್ಸಿನಲ್ಲಿ ಸುಮಾರು 80 ಮಿಷನ್ ಇಟ್ಟು ಸೈನಿಕರ ಬಟ್ಟೆ ಹೊಲಿಸುತ್ತಿದ್ದ. ಮರುವರ್ಷವೇ ಅಲ್ಲಿನ ದರ್ಜಿಗಳು ನುಗ್ಗಿ ಅವನ್ನೆಲ್ಲ ಪುಡಿ ಮಾಡಿದರು. ತಿಮೋನಿಯೆ 1857ರಲ್ಲಿ ಬಡವನಾಗಿಯೇ ಸತ್ತ. ಮಿಷನ್ ಮಾತ್ರ ನಿಲ್ಲಲಿಲ್ಲ. ಕೈಯಲ್ಲಿ ಸುಮಾರು 14 ಗಂಟೆ ಹಿಡಿಯುತ್ತಿದ್ದ ಅಂಗಿ ಒಂದೂಕಾಲು ಗಂಟೆಗೆ ಮುಗಿಯತೊಡಗಿತು. ಉಳಿದ ಗಂಟೆಗಳ ಲಾಭ ಹೊಲಿದವರಿಗೆ ದಕ್ಕಿದ್ದು ಕಡಿಮೆ. ತುಂಡಿಗಿಷ್ಟು ಅಂತ ಕೂಲಿ, ದಿನಕ್ಕೆ ಇನ್ನಷ್ಟು ತುಂಡು, ಅಷ್ಟೇ.

ಕೋಡ್ ಬರೆಯುವ ಯಂತ್ರ ಬಂದಿದೆ, ಇನ್ನು ನಮ್ಮ ಕಥೆ ಏನು ಅಂತ ನಮ್ಮ ಆಫೀಸಲ್ಲಿ ಮೂರು ಹೊತ್ತೂ ಮಾತು. ನನಗೂ ಹೋಮ್ ಲೋನ್ ಇದೆ, ನನಗೂ ರಾತ್ರಿ ನಿದ್ದೆ ಬರಲ್ಲ. ಹಾಗಾಗಿ ಈ ಚರಿತ್ರೆಯನ್ನು ನಾನು ಬರೀ ಕುತೂಹಲಕ್ಕೆ ಓದಲಿಲ್ಲ.

ಮಿಷನ್ ಕೆಲಸ ತಿಂತು ಅಂತ ಒಂದೇ ಮಾತಲ್ಲಿ ಹೇಳೋಕಾಗಲ್ಲ. ಯಂತ್ರಗಳನ್ನು ಅಷ್ಟು ಅನುಮಾನದಿಂದ ನೋಡುತ್ತಿದ್ದ ಗಾಂಧೀಜಿಯೇ 1924ರಲ್ಲಿ ಸಿಂಗರ್ ಹೊಲಿಗೆ ಯಂತ್ರಕ್ಕೆ ವಿನಾಯಿತಿ ಕೊಟ್ಟಿದ್ದರು. ನಮ್ಮವ್ವ ಚೀಟಿ ದುಡ್ಡಲ್ಲಿ ತಗೊಂಡ ಉಷಾ ಮಿಷನ್ನಿನಿಂದ ಬೀದಿಯವರಿಗೆಲ್ಲ ರವಿಕೆ ಹೊಲಿದಳು. ನನ್ನ ಬಿ.ಇ. ಫೀಸಿನಲ್ಲಿ ಒಂದಿಷ್ಟು ಅದರದ್ದೇ. ಮಿಷನ್ ಅವಳದು, ದರವೂ ಅವಳೇ ಹೇಳಿದ್ದು. ಹಬ್ಬ ಬಂದರೆ ರಾತ್ರಿಯೆಲ್ಲ ಹೊಲಿಯುತ್ತಿದ್ದಳು, ಜ್ವರ ಬಂದರೆ ಮಿಷನ್ನಿಗೆ ಬಟ್ಟೆ ಮುಚ್ಚುತ್ತಿದ್ದಳು.

ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳ ಕೈಯಲ್ಲೂ ಓಡೋದು ಅದೇ ಹೊಲಿಗೆ. ಆದರೆ ಅಲ್ಲಿ ಗಂಟೆಗೆ ಇಷ್ಟು ಅಂತ ಟಾರ್ಗೆಟ್, ಮಿಷನ್ ಬೇರೆಯವರದು. 2016ರ ಏಪ್ರಿಲ್‌ನಲ್ಲಿ, ಪಿಎಫ್ ಹಣ ಪೂರ್ತಿ ತೆಗೆಯೋಕೆ 58 ವರ್ಷ ಆಗಬೇಕು ಅನ್ನೋ ಹೊಸ ನಿಯಮದ ವಿರುದ್ಧ ಅವರು ಸಾವಿರಾರು ಸಂಖ್ಯೆಯಲ್ಲಿ ರಸ್ತೆಗಿಳಿದರು. ಎರಡೇ ದಿನದಲ್ಲಿ ಕೇಂದ್ರ ಸರ್ಕಾರ ನಿಯಮ ವಾಪಸ್ ತಗೊಂಡಿತು. ಅವರ ದೆಸೆಯಿಂದ ನನ್ನಂಥವರ ಪಿಎಫ್ ಕೂಡ ಉಳೀತು. ಅವರು ಒಂದೂ ಮಿಷನ್ ಒಡೆಯಬೇಕಾಗಲಿಲ್ಲ. ಎಲ್ಲರೂ ಒಟ್ಟಿಗೆ ಎದ್ದು ಹೊರಗೆ ಬಂದರು.