ಬೇಸಿಗೆ ದಾಟುವ ಹುಲ್ಲು, ಸೊಪ್ಪು, ಗೆಡ್ಡೆ: ಒಂದು ಅಧ್ಯಯನದ ಹಾದಿ

ಚಿತ್ರದುರ್ಗ, ತುಮಕೂರು ಸೀಮೆಯ ಕುರುಚಲು ಕಾಡಿಗೆ ವರ್ಷಕ್ಕೆ ಬೀಳುವುದು ಸುಮಾರು 600 ಮಿಲಿಮೀಟರ್ ಮಳೆ. ಅದರ ಬಹುಪಾಲು ಜೂನ್‌ನಿಂದ ಅಕ್ಟೋಬರ್‌ನೊಳಗೆ ಮುಗಿಯುತ್ತದೆ. ಮರಗಳಾದರೆ ಆಳಕ್ಕೆ ಬೇರಿಳಿಸಿ ನೀರು ಹುಡುಕಿಕೊಳ್ಳಬಲ್ಲವು. ಮೇಲ್ಮಣ್ಣನ್ನೇ ನಂಬಿದ ಹುಲ್ಲು, ಸೊಪ್ಪು, ಗೆಡ್ಡೆಗಿಡಗಳ ಗತಿಯೇನು? ಸಸ್ಯಶಾಸ್ತ್ರ ಉತ್ತರವನ್ನು ಮೊದಲು ಮೊಗ್ಗಿನಲ್ಲಿ, ಆಮೇಲೆ ಬೀಜದಲ್ಲಿ, ಕೊನೆಗೆ ಎಲೆಯಲ್ಲಿ ಹುಡುಕಿತು.

ಕಳೆದ ಶತಮಾನದ ಆರಂಭದಲ್ಲಿ ಡೆನ್ಮಾರ್ಕ್‌ನ ಕ್ರಿಸ್ಟೆನ್ ರೌಂಕಿಯರ್, ಕಷ್ಟದ ಋತುವಿನಲ್ಲಿ ಗಿಡ ತನ್ನ ಮೊಗ್ಗನ್ನು ಎಲ್ಲಿ ಕಾಪಾಡಿಕೊಳ್ಳುತ್ತದೆ ಎಂಬುದರ ಮೇಲೆ ಸಸ್ಯಗಳನ್ನು ವಿಂಗಡಿಸಿದರು. ಚಳಿಗಾಲಕ್ಕೆ ಒಪ್ಪಿದಷ್ಟೇ ಬಿರುಬೇಸಿಗೆಗೂ ಒಪ್ಪುವ ವಿಂಗಡಣೆ ಅದು. ಗೌರಿ ಹೂವಿನ ಬಳ್ಳಿ ಒಣಗಿದ ಮೇಲೆ ಮಣ್ಣಿನೊಳಗೆ ಉಳಿಯುವುದು ನೇಗಿಲಿನಂತೆ ಬಾಗಿದ ಗೆಡ್ಡೆ. ಅದರ ತುದಿಯಲ್ಲಿ ಮುಂದಿನ ವರ್ಷದ ಮೊಳಕೆ. ಬಹುವಾರ್ಷಿಕ ಹುಲ್ಲುಗಳು ನೆಲಮಟ್ಟದಲ್ಲೇ, ಹಳೆಯ ಗರಿಗಳ ಮರೆಯಲ್ಲಿ ಮೊಗ್ಗು ಇಟ್ಟುಕೊಳ್ಳುತ್ತವೆ. ಒಂದೇ ಮಳೆಗಾಲ ಬಾಳುವ ಗಿಡಗಳಿಗೆ ಬೀಜವೇ ಆಸರೆ.

ಆ ಬೀಜ ಯಾವಾಗ ಮೊಳೆಯಬೇಕು? ಕ್ಯಾಲಿಫೋರ್ನಿಯಾದ ಮರುಭೂಮಿ ಗಿಡಗಳ ಮೇಲೆ ಕೆಲಸ ಮಾಡಿದ ಫ್ರಿಟ್ಸ್ ವೆಂಟ್ 1949ರಲ್ಲಿ ತೋರಿಸಿದ್ದು ಇದು: ಕೆಳಗಿನಿಂದ ಮಣ್ಣು ನೆನೆದರೆ ಸಾಲದು, ಮೇಲಿನಿಂದ ಸಾಕಷ್ಟು ಮಳೆ ಸುರಿದು ಬೀಜದಲ್ಲಿನ ತಡೆವಸ್ತು ತೊಳೆದುಹೋಗಬೇಕು. 1966ರಲ್ಲಿ ಡ್ಯಾನ್ ಕೋಹೆನ್ ಬೀಜ ಹೀಗೆ ಕಾಯುವುದಕ್ಕೆ ಗಣಿತ ಕೊಟ್ಟರು: ಮಳೆ ನಂಬಲಾಗದ ಕಡೆ ಎಲ್ಲ ಬೀಜವನ್ನೂ ಒಮ್ಮೆಗೇ ಪಣಕ್ಕಿಡುವ ಗಿಡ ಒಂದಲ್ಲ ಒಂದು ವರ್ಷ ನಿರ್ವಂಶವಾಗುತ್ತದೆ. ನಮ್ಮ ನೆಗ್ಗಿಲು ಈ ಲೆಕ್ಕ ಬಲ್ಲದು. ಅದರ ಮುಳ್ಳುಕಾಯಿಯ ಒಂದೊಂದು ಹೋಳಿನಲ್ಲೂ ಹಲವು ಬೀಜಗಳಿದ್ದು, ದೊಡ್ಡದು ಮೊದಲು ಮೊಳೆಯುತ್ತದೆ, ಉಳಿದವು ಕಾಯುತ್ತವೆ.

ಎಲೆಯ ಸುಳಿವು ಬಹಳ ಹಿಂದೆಯೇ ಸಿಕ್ಕಿತ್ತು. ಒಮ್ಮೆ ಲಾಲ್‌ಬಾಗ್‌ನ ಉಸ್ತುವಾರಿ ನೋಡಿಕೊಂಡಿದ್ದ ಬೆಂಜಮಿನ್ ಹೇಯ್ನ್ 1813ರಲ್ಲಿ ಬರೆದ ಪತ್ರದಲ್ಲಿ ಕಾಡುಬಸಳೆಯ ಎಲೆ ಬೆಳಗ್ಗೆ ಹುಳಿ, ಮಧ್ಯಾಹ್ನ ಸಪ್ಪೆ ಎಂದಿದ್ದರು. ನೀರು ಉಳಿಸಲು ಗಿಡ ರಾತ್ರಿ ಮಾತ್ರ ರಂಧ್ರ ತೆರೆದು ಇಂಗಾಲದ ಡೈಆಕ್ಸೈಡನ್ನು ಆಮ್ಲವಾಗಿ ಕೂಡಿಡುತ್ತದೆ ಎಂಬುದು ಸ್ಪಷ್ಟವಾದದ್ದು 20ನೇ ಶತಮಾನದಲ್ಲಿ. ಗೋಣಿಸೊಪ್ಪು ಬರ ಬಂದಾಗ ಇದೇ ಕ್ರಮಕ್ಕೆ ಹೊರಳುತ್ತದೆ.

ಎಲೆಗೆ ಇನ್ನೊಂದು ದಾರಿಯೂ ಇದೆ: ಒಣಗಿಯೇ ಕಾಯುವುದು. 1971ರಲ್ಲಿ ಡೊನಾಲ್ಡ್ ಗ್ಯಾಫ್ ಆಫ್ರಿಕಾದ ದಕ್ಷಿಣ ಭಾಗದಲ್ಲಿ ಪೂರ್ತಿ ಒಣಗಿಯೂ ಮತ್ತೆ ಹಸಿರಾಗುವ ಹೂಗಿಡಗಳನ್ನು ಪಟ್ಟಿ ಮಾಡಿದರು, 1986ರಲ್ಲಿ ಪಿ.ವಿ. ಬೋಲೆ ಅವರೊಡನೆ ಭಾರತದ ಅಂಥ ಹುಲ್ಲುಗಳ ಬಗ್ಗೆ ಬರೆದರು. ದಖನ್ನಿನ ಬಂಡೆಗಳ ಮೇಲೂ ಬೆಳೆಯುವ ಪುಟ್ಟ ಹುಲ್ಲು ಒರೊಪೀಶಿಯಂ ಥೋಮಿಯಂನ ಜೀನೋಮ್ 2015ರಲ್ಲಿ ಹೊರಬಂತು. ಬೀಜ ಒಣಗುವಾಗ ದುಡಿಯುವ ಜೀನ್‌ಗಳನ್ನೇ ಈ ಹುಲ್ಲು ಎಲೆಯಲ್ಲೂ ದುಡಿಸಿಕೊಳ್ಳುತ್ತದೆ ಎಂಬುದು ಆಮೇಲಿನ ಸಂಶೋಧನೆ.

ಗೆಡ್ಡೆ, ಬುಡದ ಮೊಗ್ಗು, ಬೀಜ, ಒಣಗಿದ ಎಲೆ ಎಲ್ಲಕ್ಕೂ ನೆಲೆ ಮೇಲ್ಮಣ್ಣು ಅಥವಾ ಬಂಡೆಯ ಮೈ. ಆದರೂ ದೇಶದ ಪಾಳುಭೂಮಿ ನಕಾಶೆಯಲ್ಲಿ ಕುರುಚಲು ನೆಲಕ್ಕೂ ಜಾಗವಿದೆ; ಗಿಡ ನೆಡಲೆಂದು ಗುಂಡಿ ತೋಡುವುದೂ ಆ ಮೇಲ್ಮಣ್ಣಿನಲ್ಲೇ. ಏಪ್ರಿಲ್‌ನಲ್ಲಿ ನೋಡಿ ಬರಡು ಎಂದು ಬರೆಯುವ ಮುನ್ನ ಆಗಸ್ಟ್‌ನಲ್ಲೊಮ್ಮೆ ಎಣಿಕೆ ಮಾಡುವುದು ಸರ್ವೆಯ ನಿಯಮವಾಗಬೇಕು.